ಬಿಸಿಲ ಸೀಮೆಯಲ್ಲಿ ಬೇಸ್‌ಬಾಲ್, ಕ್ರಿಕೆಟ್ ಕಾರ್ಡ್ ಸಂಗ್ರಹ: ಆರಿಸುವ, ಪರೀಕ್ಷಿಸುವ, ಕಾಪಾಡುವ ಕ್ರಮ

ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ದಪ್ಪ ಕಾಗದ. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಆಟದ ಲೆಕ್ಕ. ಬೇಸ್‌ಬಾಲ್ ಕಾರ್ಡು 1880ರ ದಶಕದ ಅಮೆರಿಕದಲ್ಲಿ ಬಳಕೆಗೆ ಬಂದದ್ದು ಸಿಗರೇಟಿನ ಮೆತ್ತನೆಯ ಪ್ಯಾಕು ನಜ್ಜುಗುಜ್ಜಾಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಚೂರಾಗಿ. ಆಮೇಲೆ ಅದು ಬಬಲ್ ಗಮ್ ಕಂಪನಿಗಳ ಕೈಗೆ ಹೋಯಿತು. ಈಗಿನ ಅಳತೆ ನೆಲೆನಿಂತದ್ದು ಟಾಪ್ಸ್ ಕಂಪನಿಯ 1957ರ ಸೆಟ್ಟಿನಿಂದ. ಇಂಗ್ಲೆಂಡಿನ ಸಿಗರೇಟ್ ಕಂಪನಿಗಳು ಇದೇ ರೀತಿ ಕ್ರಿಕೆಟಿಗರ ಕಾರ್ಡು ಹಾಕಿದವು. ನಮ್ಮಲ್ಲಿ 1990ರ ಆಸುಪಾಸು ಬಿಗ್ ಫನ್ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳೂ ಐಪಿಎಲ್ ಬಂದ ಮೇಲಿನ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳೂ ಅದೇ ವಂಶದವು.

ಕಾರ್ಡು ಕಾಪಾಡುವುದು ಹೇಗೆಂದು ಅಮೆರಿಕದವರು ಬರೆದದ್ದನ್ನೆಲ್ಲ ಓದಿದರೆ ಸಿಗುವ ಮೊದಲ ಮಾತು: ತಂಪಾದ, ಒಣಗಿದ ಜಾಗದಲ್ಲಿಡಿ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಈ ಮಾತನ್ನು ಹಾಗೇ ಪಾಲಿಸಿದರೆ ಕಾರ್ಡು ಕೆಡುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಧಗೆ. ಗಾಳಿಯಲ್ಲಿ ತೇವವೇ ಇರುವುದಿಲ್ಲ. ಸೆಪ್ಟೆಂಬರಿಗೆ ಬಂದರೆ ಮಳೆ, ಗೋಡೆಯಲ್ಲಿ ಪಸೆ. ಕಾಗದಕ್ಕೆ ಒಣಹವೆಯೂ ಶತ್ರು, ತೇವವೂ ಶತ್ರು. ಒಂದರಿಂದ ಇನ್ನೊಂದಕ್ಕೆ ಹಾರುವುದು ಎಲ್ಲಕ್ಕಿಂತ ಕೆಟ್ಟದ್ದು. ಆದ್ದರಿಂದ ನಮ್ಮ ಕಡೆಯ ಸಂಗ್ರಾಹಕ ದುಡ್ಡು ಹಾಕಬೇಕಾದದ್ದು ಮೊದಲು ಡಬ್ಬಿಗೆ, ಆಮೇಲೆ ಕಾರ್ಡಿಗೆ.

ಏನನ್ನು ಕೂಡಿಸುವುದು

ಸಿಕ್ಕಿದ್ದನ್ನೆಲ್ಲ ಕೊಂಡರೆ ವರ್ಷದೊಳಗೆ ಡಬ್ಬಿ ತುಂಬುತ್ತದೆ, ಸಂಗ್ರಹ ಮಾತ್ರ ಆಗಿರುವುದಿಲ್ಲ. ಮೂರು ದಾರಿಗಳಿವೆ: ಒಂದು ಸೆಟ್ಟನ್ನು ಪೂರ್ತಿ ಮಾಡುವುದು, ಒಬ್ಬನೇ ಆಟಗಾರನ ಹಿಂದೆ ಬೀಳುವುದು, ಇಲ್ಲವೇ ಒಂದು ವಿಷಯ ಹಿಡಿಯುವುದು. ನಮ್ಮವರಿಗೆ ಒಗ್ಗುವ ವಿಷಯವೆಂದರೆ ಕರ್ನಾಟಕದ ಆಟಗಾರರು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್, ಕಿರ್ಮಾನಿ, ಬಿನ್ನಿ ಅವರಿಂದ ಹಿಡಿದು ಕುಂಬ್ಳೆ, ಶ್ರೀನಾಥ್, ದ್ರಾವಿಡ್, ವೆಂಕಟೇಶ್ ಪ್ರಸಾದ್, ಮುಂದೆ ಕೆ.ಎಲ್. ರಾಹುಲ್‌ವರೆಗೆ ಪಟ್ಟಿ ಬೆಳೆಯುತ್ತದೆ. ಒಬ್ಬೊಬ್ಬರ ಮೊದಲ ವರ್ಷದ ಕಾರ್ಡಿಗೆ ರೂಕಿ ಕಾರ್ಡು ಎನ್ನುತ್ತಾರೆ. ಬೆಲೆ ಹೆಚ್ಚು ಅದಕ್ಕೇ. ದ್ರಾವಿಡ್ ಟೆಸ್ಟಿಗೆ ಕಾಲಿಟ್ಟದ್ದು 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ. ಅವರ 2005ರ ಕಾರ್ಡನ್ನು ಯಾರಾದರೂ ರೂಕಿ ಎಂದು ಮಾರಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಬೇಸ್‌ಬಾಲ್ ಕಡೆಗೆ ಮನಸ್ಸಿದ್ದವರು 1987ರಿಂದ 1993ರ ನಡುವಿನ ಕಾರ್ಡುಗಳಿಂದ ಶುರುಮಾಡಬಹುದು. ಆ ವರ್ಷಗಳಲ್ಲಿ ಕಂಪನಿಗಳು ಬೇಕಾಬಿಟ್ಟಿ ಅಚ್ಚುಹಾಕಿದ್ದರಿಂದ ಅಮೆರಿಕದಲ್ಲಿ ಇಂದಿಗೂ ಅವು ತೀರ ಅಗ್ಗ. ಅಲ್ಲಿ ನೆಂಟರು, ಗೆಳೆಯರು ಇದ್ದರೆ ಊರಿಗೆ ಬರುವಾಗ ಒಂದು ಡಬ್ಬಿ ತರಲು ಹೇಳಿ. ಅಂಚೆಯಲ್ಲಿ ತರಿಸಿದರೆ ಕಾರ್ಡಿಗಿಂತ ಸಾಗಣೆ ಖರ್ಚೇ ಜಾಸ್ತಿ. ಟಾಪ್ಸ್‌ನ 1982ರಿಂದ 1992ರವರೆಗಿನ ವಾರ್ಷಿಕ ಸೆಟ್ಟುಗಳಲ್ಲಿ ತಲಾ 792 ಕಾರ್ಡುಗಳಿವೆ. ಅಪ್ಪರ್ ಡೆಕ್ ಕಂಪನಿಯ 1989ರ ಸೆಟ್ಟಿನ 1ನೇ ಸಂಖ್ಯೆಯ ಕಾರ್ಡು ಕೆನ್ ಗ್ರಿಫಿ ಜೂನಿಯರ್ ಅವರದು. ಆ ಕಾಲದಲ್ಲಿ ಹೆಸರು ಉಳಿಸಿಕೊಂಡಿರುವ ಕೆಲವೇ ಕಾರ್ಡುಗಳಲ್ಲಿ ಅದೂ ಒಂದು. ಹಳೆಯ ಕ್ರಿಕೆಟ್ ಬೇಕೆಂದರೆ ಜಾನ್ ಪ್ಲೇಯರ್ ಕಂಪನಿಯ 1930, 1934, 1938ರ ಸೆಟ್ಟುಗಳಿವೆ, ಒಂದೊಂದರಲ್ಲಿ 50 ಕಾರ್ಡು. ಇವು ಸಿಗರೇಟ್ ಕಾರ್ಡುಗಳಾದ್ದರಿಂದ ಅಳತೆ ಸಣ್ಣದು, ಸುಮಾರು 68 ಮಿ.ಮೀ. ಉದ್ದ, 36 ಮಿ.ಮೀ. ಅಗಲ. ಈಗಿನ ಅಳತೆಯ ಕಾರ್ಡಿಗೆಂದು ಮಾಡಿದ, ಒಂಬತ್ತು ಕಿಸೆಯ ಆಲ್ಬಂ ಹಾಳೆಯಲ್ಲಿ ಇವು ಅಲುಗಾಡಿ ಮೂಲೆ ಸವೆಯುತ್ತವೆ. ಸಿಗರೇಟ್ ಕಾರ್ಡಿಗೆಂದೇ ಮಾಡಿದ ಹಾಳೆ ಬೇರೆ ಸಿಗುತ್ತದೆ.

ಪ್ಯಾಕು ಒಡೆಯುವ ಸಂತೋಷ ದೊಡ್ಡದು, ಆದರೆ ಅದಕ್ಕೊಂದು ಲೆಕ್ಕವಿದೆ. 50 ಕಾರ್ಡಿನ ಸೆಟ್ಟು, ಎಲ್ಲವೂ ಸಮನಾಗಿ ಬರುತ್ತವೆ ಎಂದಿಟ್ಟುಕೊಳ್ಳಿ. ಮೊದಲ 25 ಬೇರೆ ಬೇರೆ ಕಾರ್ಡು ಕೂಡಲು ಸರಾಸರಿ 34 ಕಾರ್ಡು ತೆಗೆದರೆ ಸಾಕು. ಪೂರ್ತಿ 50 ಆಗಲು ಸರಾಸರಿ 225 ಬೇಕು. ಅದರಲ್ಲಿ ಕೊನೆಯ ಒಂದೇ ಒಂದು ಕಾರ್ಡಿಗೇ ಸರಾಸರಿ 50 ತೆಗೆಯಬೇಕಾಗುತ್ತದೆ. ಆದ್ದರಿಂದ ಅರ್ಧ ಸೆಟ್ಟಾಗುವವರೆಗೆ ಪ್ಯಾಕು ಕೊಳ್ಳಿ, ಅಲ್ಲಿಂದ ಮುಂದೆ ಗೆಳೆಯರೊಡನೆ ಅದಲುಬದಲು ಮಾಡಿ, ಕೊನೆಯ ಐದಾರನ್ನು ಬಿಡಿಯಾಗಿ ಕೊಳ್ಳಿ. ಕಂಪನಿಗಳು ಕೆಲವು ಕಾರ್ಡುಗಳನ್ನು ಬೇಕೆಂದೇ ಕಡಿಮೆ ಅಚ್ಚುಹಾಕುತ್ತವೆ. ಅಂಥ ಸೆಟ್ಟಿನಲ್ಲಿ ಈ ಲೆಕ್ಕ ಇನ್ನೂ ಕಠಿಣ. ಕಾರ್ಡಿನ ಮೇಲೆ 25ರಲ್ಲಿ 7ನೆಯದು ಎಂಬಂತೆ ಅಂಕಿ ಒತ್ತಿದ್ದರೆ ಅಂಥದ್ದು ಒಟ್ಟು 25 ಮಾತ್ರ ಇವೆ ಎಂದರ್ಥ.

ಜಾತ್ರೆಯ ಅಂಗಡಿಗಳಲ್ಲಿ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಿರಲಿ ಹುಲಿಗಿಯಿರಲಿ, ಆಟಿಕೆಗಳ ನಡುವೆ ಟ್ರಂಪ್ ಕಾರ್ಡಿನ ಕಟ್ಟು ಕಂಡರೆ ಕಡೆಗಣಿಸಬೇಡಿ. ಕಂಪನಿಯ ಪರವಾನಗಿ ಇಲ್ಲದ ಅಗ್ಗದ ಅಚ್ಚು ಎಂಬುದು ನಿಜ, ಮರುಮಾರಾಟದ ಬೆಲೆಯೂ ಇಲ್ಲ. ಆದರೂ ಇವು ನಮ್ಮ ಮಕ್ಕಳ ಕೈಯಲ್ಲಿ ಆಡಿದ ಕಾರ್ಡುಗಳು, ಇವನ್ನು ಯಾರೂ ಪಟ್ಟಿಮಾಡಿಲ್ಲ. ಜೆಫರ್ಸನ್ ಬರ್ಡಿಕ್ ಎಂಬ ಅಮೆರಿಕನ್, ಜನ ಎಸೆಯುತ್ತಿದ್ದ ತಂಬಾಕಿನ ಕಾರ್ಡುಗಳಿಗೆ ವರ್ಗ ಮಾಡಿ ಸಂಖ್ಯೆ ಕೊಟ್ಟರು. ಇಂದು ಲೋಕವೆಲ್ಲ ಟಿ206 ಎಂದು ಕರೆಯುವ 1909–11ರ ಬೇಸ್‌ಬಾಲ್ ಸೆಟ್ಟಿಗೆ ಆ ಹೆಸರು ಬಂದದ್ದು ಅವರ ಪಟ್ಟಿಯಿಂದ. ಅವರು ಕೊಟ್ಟ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು, ಚೀಟಿಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿವೆ. ಗಮ್ಮಿನ ಚಿತ್ರ, ಜಾತ್ರೆಯ ಕಾರ್ಡುಗಳಿಗೆ ಅಂಥ ಪಟ್ಟಿ ಮಾಡಲು ಸಿಂಧನೂರಿನ, ಕುಷ್ಟಗಿಯ ಹುಡುಗನಿಗೂ ಹುಡುಗಿಗೂ ಅವಕಾಶವಿದೆ. ರದ್ದಿ ಅಂಗಡಿ, ಹಳೆಯ ಸ್ಟೇಷನರಿ ಅಂಗಡಿಯ ಮೇಲಿನ ಕಪಾಟು, ಮನೆ ಖಾಲಿ ಮಾಡುವವರ ಟ್ರಂಕು: ಹುಡುಕಬೇಕಾದ ಜಾಗಗಳು ಇವೇ.

ಸ್ಥಿತಿ ನೋಡುವುದು

ಒಂದೇ ಕಾರ್ಡು ಸ್ಥಿತಿಯ ಮೇಲೆ ಹತ್ತು ರೂಪಾಯಿಯೂ ಆದೀತು, ಸಾವಿರವೂ ಆದೀತು. ನೋಡಬೇಕಾದದ್ದು ನಾಲ್ಕು: ಚಿತ್ರ ನಟ್ಟನಡುವೆ ಕೂತಿದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಬೆಳ್ಳಗೆ ಸವೆದಿದೆಯೇ, ಮೇಲ್ಮೈಯಲ್ಲಿ ಗೀರು, ಮಡಿಕೆ, ಕಲೆ ಇದೆಯೇ.

ನಡು ಅಳೆಯಲು ಅರ್ಧ ಮಿ.ಮೀ. ಗುರುತಿರುವ ಪಾರದರ್ಶಕ ಸ್ಕೇಲು ಸಾಕು. ಎಡಗಡೆಯ ಬಿಳಿ ಅಂಚು 3 ಮಿ.ಮೀ., ಬಲಗಡೆಯದು 2 ಮಿ.ಮೀ. ಇದ್ದರೆ ಒಟ್ಟು 5. ಎಡಕ್ಕೆ 60, ಬಲಕ್ಕೆ 40 ಎಂದು ಬರೆಯುತ್ತಾರೆ. ಮೇಲೆ, ಕೆಳಗೆ ಅಷ್ಟೇ. 55ಕ್ಕೆ 45ರ ಒಳಗಿದ್ದರೆ ಉತ್ತಮ, 70ಕ್ಕೆ 30 ದಾಟಿದರೆ ಕಣ್ಣಿಗೇ ಕಾಣುತ್ತದೆ. ಮೇಲ್ಮೈ ನೋಡುವಾಗ ಕಾರ್ಡನ್ನು ನೇರವಾಗಿ ಹಿಡಿಯಬೇಡಿ. ಒಂದೇ ದೀಪವಿರುವ ಕೋಣೆಯಲ್ಲಿ ಬೆಳಕು ಓರೆಯಾಗಿ ಬೀಳುವಂತೆ ವಾಲಿಸಿ, ನಿಧಾನ ತಿರುಗಿಸಿ. ಆನ್‌ಲೈನಿನ ಫೋಟೊದಲ್ಲಿ ಕಾಣದ ಮಡಿಕೆ ಆಗ ಕೂದಲೆಳೆಯಂತೆ ಹೊಳೆಯುತ್ತದೆ. ಮಾರುವವರಿಗೂ ಇಂಥ ಓರೆ ಬೆಳಕಿನ ವಿಡಿಯೊ ಕಳಿಸಲು ಹೇಳಿ. ಕಳಿಸಲು ಒಪ್ಪದವರ ಹತ್ತಿರ ದುಬಾರಿ ಕಾರ್ಡು ಕೊಳ್ಳಬೇಡಿ.

ಅಸಲು, ನಕಲು

ಗಡಿಯಾರ ರಿಪೇರಿಯವರು, ಅಕ್ಕಸಾಲಿಗರು ಬಳಸುವ 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದನ್ನು ಕೊಳ್ಳಿ. ಇದಕ್ಕಿಂತ ಹೆಚ್ಚು ದುಡ್ಡು ಉಳಿಸುವ ಉಪಕರಣ ಈ ಹವ್ಯಾಸದಲ್ಲಿ ಇಲ್ಲ. ಆಫ್‌ಸೆಟ್ಟಿನಲ್ಲಿ ಅಚ್ಚಾದ ಅಸಲು ಕಾರ್ಡಿನ ಚಿತ್ರ ಲೂಪಿನಡಿ ಸಣ್ಣ ಬಣ್ಣದ ಚುಕ್ಕೆಗಳಾಗಿ, ಹೂವಿನ ಎಸಳಿನ ಕ್ರಮದಲ್ಲಿ ಕಾಣುತ್ತದೆ. ಆದರೆ ಕಪ್ಪು ಅಕ್ಷರ ಮತ್ತು ಗೆರೆ ಮಾತ್ರ ಗಟ್ಟಿ ಕಪ್ಪಾಗಿ, ಅಂಚು ಸ್ಪಷ್ಟವಾಗಿ ಇರುತ್ತವೆ. ಏಕೆಂದರೆ ಕಪ್ಪಿಗೆ ಬೇರೆಯೇ ಪ್ಲೇಟು. ಅಸಲನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚುಹಾಕಿದ ನಕಲಿನಲ್ಲಿ ಅಕ್ಷರವೂ ಚುಕ್ಕೆಗಳಾಗಿ ಒಡೆದಿರುತ್ತದೆ. ಇಂಕ್‌ಜೆಟ್ ಪ್ರಿಂಟಾದರೆ ಕ್ರಮವೇ ಇಲ್ಲದೆ ಸಿಂಪಡಿಸಿದ ಹಾಗೆ ಹರಡಿರುತ್ತದೆ.

ಎರಡನೆಯದು ಹೋಲಿಕೆ. ಅದೇ ಸೆಟ್ಟಿನ ಯಾವ ಬೆಲೆಯೂ ಇಲ್ಲದ ಸಾಮಾನ್ಯ ಕಾರ್ಡೊಂದನ್ನು ಪಕ್ಕದಲ್ಲಿಡಿ. ಅದನ್ನು ಯಾರೂ ನಕಲು ಮಾಡಿರುವುದಿಲ್ಲ. ಎರಡನ್ನೂ ಮೊಬೈಲ್ ಟಾರ್ಚಿನ ಮುಂದೆ ಹಿಡಿದು ಬೆಳಕು ಎಷ್ಟು ಹಾಯುತ್ತದೆ ನೋಡಿ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಈಗಿನ ಅಳತೆಯ ಕಾರ್ಡು 88.9 ಮಿ.ಮೀ. ಎತ್ತರ, 63.5 ಮಿ.ಮೀ. ಅಗಲ. ಅರ್ಧ ಮಿ.ಮೀ. ಕಡಿಮೆ ಬಂದು ಮೂಲೆಗಳು ಮಾತ್ರ ಹೊಚ್ಚಹೊಸದಾಗಿದ್ದರೆ ಸವೆದ ಅಂಚನ್ನು ಯಾರೋ ಕತ್ತರಿಸಿದ್ದಾರೆ ಎಂದೇ ತಿಳಿಯಿರಿ. ಟಿ206 ಸೆಟ್ಟಿನ ಹೋನಸ್ ವ್ಯಾಗ್ನರ್ ಕಾರ್ಡುಗಳಲ್ಲೆಲ್ಲ ಅತ್ಯುತ್ತಮ ಎಂದು ಹೆಸರಾಗಿದ್ದ ಕಾರ್ಡಿನ ಕಥೆಯೇ ಇದು: ಅದನ್ನು ಹಿಂದೆ ಮಾರಿದ್ದ ಹರಾಜುದಾರರೇ ಅಂಚು ಕತ್ತರಿಸಿದ್ದಾಗಿ 2013ರಲ್ಲಿ ಒಪ್ಪಿಕೊಂಡರು.

ಮೂರನೆಯದು ಯುವಿ ಟಾರ್ಚು, ನೋಟು ಪರೀಕ್ಷೆಗೆ ಅಂಗಡಿಯವರು ಇಟ್ಟುಕೊಳ್ಳುವಂಥದ್ದು. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳ ಬಳಕೆ ಹರಡಿದ್ದು ಎರಡನೇ ಮಹಾಯುದ್ಧದ ನಂತರ. 1938ರದು ಎನ್ನುವ ಕಾರ್ಡು ಕತ್ತಲಲ್ಲಿ ಯುವಿ ಬೆಳಕಿಗೆ ನೀಲಿಬಿಳಿಯಾಗಿ ಹೊಳೆದರೆ ಅದು 1938ರದಲ್ಲ. ಹೊಳೆಯದಿದ್ದ ಮಾತ್ರಕ್ಕೆ ಅಸಲು ಎಂದೂ ಅಲ್ಲ. ಹಳೆಯ ಪುಸ್ತಕದ ಖಾಲಿ ಹಾಳೆ, ರಟ್ಟಿನ ಮೇಲೆ ಅಚ್ಚುಹಾಕುವವರೂ ಇದ್ದಾರೆ. 2022ರಲ್ಲಿ ಮಿಕ್ಕಿ ಮ್ಯಾಂಟಲ್ ಅವರ 1952ರ ಟಾಪ್ಸ್ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಆ ಮ್ಯಾಂಟಲ್, ಈ ವ್ಯಾಗ್ನರ್ ಕಾರ್ಡು ನಿಮ್ಮೂರಿನಲ್ಲಿ ಐನೂರು ರೂಪಾಯಿಗೆ ಸಿಕ್ಕರೆ ಅದು ಮರುಮುದ್ರಣ. ಹಾಗೆಂದು ತಿಳಿದೇ ಕೊಂಡು ಗೋಡೆಗೆ ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಕವರು, ಹಾಳೆ, ಡಬ್ಬಿ

ಕಾರ್ಡಿಗೆ ಮೊದಲು ತೆಳು ಪಾಲಿಪ್ರೊಪಿಲೀನ್ ಕವರು. ಇದಕ್ಕೆ ಪೆನ್ನಿ ಸ್ಲೀವ್ ಎನ್ನುತ್ತಾರೆ, ಸುಮಾರು 67 ಮಿ.ಮೀ. ಅಗಲ, 92 ಮಿ.ಮೀ. ಎತ್ತರ. ಬೆಲೆಬಾಳುವುದಾದರೆ ಸ್ಲೀವಿನ ಸಮೇತ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆಗೆ ಇಳಿಸಬೇಕು. ಸ್ಲೀವಿಲ್ಲದೆ ಟಾಪ್‌ಲೋಡರಿಗೆ ಇಳಿಸಿದರೆ ಮೇಲ್ಮೈ ಗೀರುತ್ತದೆ. ದಪ್ಪವನ್ನು ಪಾಯಿಂಟಿನಲ್ಲಿ ಹೇಳುತ್ತಾರೆ, ಒಂದು ಪಾಯಿಂಟ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಸಾಮಾನ್ಯ ಕಾರ್ಡಿಗೆ 35 ಪಾಯಿಂಟಿನ ಟಾಪ್‌ಲೋಡರ್ ಸರಿ. ಜೆರ್ಸಿಯ ಬಟ್ಟೆ ಚೂರು ಕೂಡಿಸಿದ ದಪ್ಪ ಕಾರ್ಡುಗಳಿಗೆ 75ರಿಂದ 180 ಪಾಯಿಂಟಿನವರೆಗೆ ಬೇಕಾಗುತ್ತದೆ. ಸಣ್ಣದಕ್ಕೆ ತುರುಕಿದರೆ ಅಂಚು ಸುಲಿಯುತ್ತದೆ. ಸ್ಲೀವಿಗೆ ಹಾಕುವಾಗ ಅದರ ಎರಡು ಪಕ್ಕಗಳನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಾಯಿ ಅರಳಿಸಿ, ಕಾರ್ಡನ್ನು ಸ್ವಲ್ಪ ಓರೆಯಾಗಿ ಇಳಿಸಿ. ಮೂಲೆಗಳಿಗೆ ಪೆಟ್ಟು ಬೀಳುವುದು ಬಹುಪಾಲು ಇದೊಂದು ಕ್ಷಣದಲ್ಲೇ.

ಪೆನ್ನಿ ಸ್ಲೀವು ನಮ್ಮ ಊರುಗಳ ಅಂಗಡಿಯಲ್ಲಿ ಸಿಗುವುದು ಅಪರೂಪ; ನೂರರ ಕಟ್ಟಿನಲ್ಲಿ ಆನ್‌ಲೈನ್ ತರಿಸಬೇಕು. ಬರುವವರೆಗೆ ಬಳ್ಳಾರಿಯಲ್ಲಿ ಜೀನ್ಸ್, ರೆಡಿಮೇಡ್ ಬಟ್ಟೆಯವರಿಗೆ ಪ್ಯಾಕಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಬಿಒಪಿಪಿ ಕವರು ಕೇಳಿ. ಅದೂ ಪಾಲಿಪ್ರೊಪಿಲೀನೇ. ಗಮ್ ಪಟ್ಟಿ ಇರುವ ಕವರಾದರೆ ಪಟ್ಟಿಯನ್ನು ಕತ್ತರಿಸಿ ಬಿಸಾಡಿ, ಕಾರ್ಡು ತೆಗೆಯುವಾಗ ಅಂಟಿಕೊಂಡರೆ ಬಣ್ಣ ಕಿತ್ತು ಬರುತ್ತದೆ.

ಬಳಸಲೇಬಾರದ್ದು ಮೆತ್ತನೆಯ ಪಿವಿಸಿ. ಅದನ್ನು ಮೆತ್ತಗೆ ಮಾಡಲು ಸೇರಿಸಿದ ಎಣ್ಣೆಯಂಥ ದ್ರವ ಬರಬರುತ್ತ ಹೊರಗೆ ಜಿನುಗಿ ಕಾರ್ಡಿನ ಬಣ್ಣವನ್ನು ಎಳೆದುಕೊಳ್ಳುತ್ತದೆ, ನಮ್ಮ ಬಿಸಿಲಿಗಂತೂ ಇನ್ನೂ ಬೇಗ. ಹೊಸ ರೇನ್‌ಕೋಟಿನ ವಾಸನೆ ಬಂದರೆ, ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಅನುಮಾನಪಡಿ. ಪಾಲಿಪ್ರೊಪಿಲೀನ್ ಹಿಚುಕಿದರೆ ಪರಪರ ಸದ್ದು ಮಾಡುತ್ತದೆ. ಖಚಿತ ಪರೀಕ್ಷೆ ಬೇಕಿದ್ದರೆ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಕವರಿನ ಚೂರಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಹೊಗೆ ವಿಷ, ಕಿಟಕಿ ಬಾಗಿಲು ತೆರೆದು ಉಗುರಿನಷ್ಟು ಚೂರಿನಲ್ಲಿ ಮಾಡಿ ಮುಗಿಸಿ. ಮಕ್ಕಳ ಕೈಗೆ ಈ ಪರೀಕ್ಷೆ ಬೇಡ. ಟಾಪ್‌ಲೋಡರು ಕೂಡ ಪಿವಿಸಿಯೇ, ಆದರೆ ಗಟ್ಟಿಯಾದ್ದು, ಅದರಲ್ಲಿ ಆ ದ್ರವ ಇರುವುದಿಲ್ಲ. ಸ್ಲೀವು ನಡುವೆ ಇರಬೇಕೆನ್ನಲು ಇದೂ ಒಂದು ಕಾರಣ.

ಆಲ್ಬಂನಲ್ಲಿಟ್ಟು ನೋಡುವ ಆಸೆಯಿದ್ದವರು ಒಂಬತ್ತು ಕಿಸೆಯ ಹಾಳೆ, ಡಿ ಆಕಾರದ ರಿಂಗಿನ ಬೈಂಡರು ತೆಗೆದುಕೊಳ್ಳಿ. ದುಂಡನೆಯ ರಿಂಗಾದರೆ ಒಳಸಾಲಿನ ಹಾಳೆಗಳು ಬಾಗಿ ಕಾರ್ಡಿನ ಮೇಲೆ ರಿಂಗಿನ ಗುರುತು ಬೀಳುತ್ತದೆ. ಈ ಹಾಳೆಗಳಿಗೆ ಸಾಮಾನ್ಯವಾಗಿ ಮೂರು ರಿಂಗಿನ ತೂತು. ಇಲ್ಲಿಯ ಆಫೀಸ್ ಫೈಲಿನ ಎರಡು ರಿಂಗಿಗೆ ಕೂರುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಮದುವೆ ಫೋಟೊಗಳಿಗೆ ಬಳಸುತ್ತಿದ್ದ ಅಂಟುಹಾಳೆಯ ಆಲ್ಬಂ, ರಬ್ಬರ್ ಬ್ಯಾಂಡು, ಸ್ಟೇಪಲ್, ಸೆಲ್ಲೊಟೇಪು ಯಾವುದೂ ಬೇಡ. ಎರಡು ಬೇಸಿಗೆ ಕಂಡ ರಬ್ಬರ್ ಬ್ಯಾಂಡು ಬೆಲ್ಲದ ಪಾಕದಂತೆ ಕರಗಿ ಅಂಚಿಗೆ ಹಿಡಿಯುತ್ತದೆ. ಲ್ಯಾಮಿನೇಷನ್ ಅಂತೂ ಮರಳಿ ಬಿಡಿಸಲಾಗದ ಹಾನಿ.

ಹವೆ

ಇದೇ ಮುಖ್ಯ ಭಾಗ. ಹೊಳೆಯುವ ಫಾಯಿಲ್ ಅಥವಾ ಕ್ರೋಮ್ ಕಾರ್ಡಿನ ಮುಂಭಾಗದಲ್ಲಿ ಪ್ಲಾಸ್ಟಿಕ್ ಪದರ, ಹಿಂದೆ ಬರೀ ಕಾಗದ. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಪ್ಲಾಸ್ಟಿಕ್ ಹಾಗೇ ಇರುತ್ತದೆ. ಅದರಿಂದ ಮೇ ತಿಂಗಳಲ್ಲಿ ಕಾರ್ಡು ಹಿಂದಕ್ಕೆ ಬಾಗುತ್ತದೆ, ಸೆಪ್ಟೆಂಬರಿನಲ್ಲಿ ಮುಂದಕ್ಕೆ. ವರ್ಷಾವರ್ಷ ಹೀಗೆ ಆಡಿದ ಕಾರ್ಡಿನಲ್ಲಿ ಪದರ ಬಿಟ್ಟುಕೊಳ್ಳುತ್ತದೆ, ಗೆರೆ ಬೀಳುತ್ತದೆ. ಕಾಗದಕ್ಕೆ ಹಿತವಾದ ಆರ್ದ್ರತೆ ಶೇ. 45ರಿಂದ 55.

ಗಾಳಿಯ ತೇವ ಅಳೆಯುವ ಡಿಜಿಟಲ್ ಹೈಗ್ರೋಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಆದರೆ ಅಗ್ಗದ್ದು ಐದಾರು ಅಂಕ ಆಚೀಚೆ ತೋರಿಸುವುದುಂಟು. ಪರೀಕ್ಷಿಸುವ ರೀತಿ ಸುಲಭ: ಒಂದು ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ 75 ತೋರಿಸಬೇಕು. 71 ತೋರಿಸಿದರೆ ಇನ್ನು ಮುಂದೆ ಅದರ ಅಂಕಕ್ಕೆ 4 ಕೂಡಿಸಿ ಓದಿ.

ಈಗ ಸಂಗ್ರಹದ ಡಬ್ಬಿ. ಅಡುಗೆಮನೆಗೆ ಕೊಳ್ಳುವ, ಮುಚ್ಚಳಕ್ಕೆ ಸಿಲಿಕಾನ್ ಪಟ್ಟಿ ಇರುವ, ತಳದಲ್ಲಿ ತ್ರಿಕೋನದೊಳಗೆ 5 ಎಂದು ಬರೆದ ಪಾಲಿಪ್ರೊಪಿಲೀನ್ ಡಬ್ಬಿ ಒಳ್ಳೆಯದು. ಕೋಣೆಯ ಹೈಗ್ರೋಮೀಟರ್ 50ರ ಆಸುಪಾಸು ನಿಂತಿರುವ ಕಾಲಕ್ಕೆ ಕಾಯಿರಿ. ಮಳೆ ನಿಂತು ಚಳಿ ಹಿಡಿಯುವ ದಿನಗಳು ಅದಕ್ಕೆ ಅನುಕೂಲ. ಸ್ಲೀವು ಹಾಕಿದ ಕಾರ್ಡುಗಳನ್ನು ನಾಲ್ಕೈದು ದಿನ ನೆರಳಿನಲ್ಲಿ, ಧೂಳು ಬೀಳದಂತೆ, ಆ ಹವೆಗೆ ಬಿಡಿ. ಆಮೇಲೆ ಡಬ್ಬಿಗೆ ನಿಲ್ಲಿಸಿ ಜೋಡಿಸಿ ಮುಚ್ಚಿ. ಡಬ್ಬಿ ತುಂಬಿದಷ್ಟೂ ಒಳ್ಳೆಯದು. ಜಾಗ ಉಳಿದರೆ ಅಚ್ಚಾಗದ ಬಿಳಿ ಹಾಳೆಗಳ ಕಟ್ಟು ತುಂಬಿ, ಪತ್ರಿಕೆಯ ಕಾಗದ ಬೇಡ. ಒಳಗಿರುವ ಕಾಗದವೇ ತೇವವನ್ನು ಹಿಡಿದಿಟ್ಟು ಹವೆಯನ್ನು ಕಾಯುತ್ತದೆ. ಕಾರ್ಡುಗಳು ಬೀಳದಷ್ಟು ಬಿಗಿ, ಒಂದು ಬೆರಳು ತೂರುವಷ್ಟು ಸಡಿಲ ಇರಲಿ.

ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಎಲ್ಲರೂ ಹಾಕುತ್ತಾರೆ. 800 ಕಾರ್ಡಿನ ತೂಕ ಸುಮಾರು ಒಂದೂವರೆ ಕೆ.ಜಿ. ಅವು ಮಳೆಗಾಲದಲ್ಲಿ ಹೀರಿಕೊಳ್ಳುವ ಹೆಚ್ಚುವರಿ ನೀರು 50 ಗ್ರಾಂ ಆಸುಪಾಸು. ಜೆಲ್ ಹೀರುವುದು ತನ್ನ ತೂಕದ ಕಾಲು ಭಾಗದಷ್ಟು, ಎಂದರೆ 200 ಗ್ರಾಂ ಜೆಲ್ ಬೇಕು. 2 ಗ್ರಾಂ ಪೊಟ್ಟಣದಿಂದ ಏನೂ ಆಗದು. ಬೇಸಿಗೆಯಲ್ಲಿ ಜೆಲ್ ಹಾಕುವುದಂತೂ ಮೊದಲೇ ಒಣಗಿದ ಕಾರ್ಡಿನಿಂದ ಇನ್ನಷ್ಟು ನೀರು ಹಿಂಡಿದಂತೆ. ದುಬಾರಿ ಕಾರ್ಡುಗಳ ಸಣ್ಣ ಡಬ್ಬಿಗೆ, ತೇವ ಹೆಚ್ಚಾದರೆ ಹೀರಿ ಕಡಿಮೆಯಾದರೆ ಬಿಡುವ, ಶೇ. 49ಕ್ಕೆ ಹೊಂದಿಸಿದ ಪೊಟ್ಟಣ ಸಿಗುತ್ತದೆ. ಕೊಳ್ಳುವುದಾದರೆ ಅದನ್ನು ಕೊಳ್ಳಿ.

ಡಬ್ಬಿ ಇಡುವ ಜಾಗವೂ ಅಷ್ಟೇ ಮುಖ್ಯ. ಆರ್‌ಸಿಸಿ ಚಾವಣಿಯಡಿಯ ಅಟ್ಟ ಮನೆಯಲ್ಲೇ ಅತಿ ಬಿಸಿ ಜಾಗ, ಅಲ್ಲಿ ಬೇಡವೇ ಬೇಡ. ಪಡುವಣ ಗೋಡೆಗೆ ಒರಗಿದ ಕಬ್ಬಿಣದ ಬೀರು ಸಂಜೆಯವರೆಗೂ ಕಾದಿರುತ್ತದೆ. ನೀರಿನ ಕೂಲರ್ ಓಡುವ ಕೋಣೆಯನ್ನೂ ಬಿಡಿ: ಹಗಲು ಕೂಲರ್ ಹಾಕಿದಾಗ ತೇವ ಏರುತ್ತದೆ, ನಿಲ್ಲಿಸಿದ ಮೇಲೆ ಇಳಿಯುತ್ತದೆ, ದಿನಕ್ಕೆರಡು ಸಲ ಮಳೆಗಾಲ ಬಂದು ಹೋದ ಹಾಗಾಗುತ್ತದೆ. ದೇವರಕೋಣೆಯಲ್ಲಿ ಊದುಬತ್ತಿ, ಕರ್ಪೂರ, ಎಣ್ಣೆದೀಪದ ಜಿಡ್ಡುಮಸಿ. ನೆಲಮಹಡಿಯ ನಡುಮನೆಯ ಒಳಗೋಡೆ, ನೆಲದಿಂದ ಒಂದು ಗೇಣು ಎತ್ತರದ ಹಲಗೆ: ಇಲ್ಲಿ ಬಿಸಿಲೂ ತಟ್ಟದು, ಗೆದ್ದಲು ಬಂದರೆ ಕಣ್ಣಿಗೂ ಬೀಳುತ್ತದೆ.

ಬಾಗಿದ ಕಾರ್ಡನ್ನು ನೇರ ಮಾಡಲು ಇಸ್ತ್ರಿ ಪೆಟ್ಟಿಗೆ, ಬಿಸಿಲು, ಒದ್ದೆ ಬಟ್ಟೆ ಬೇಡ. 50ರ ಹವೆಯಿರುವ ಡಬ್ಬಿಯಲ್ಲಿ ಎರಡು ವಾರ ಬಿಟ್ಟರೆ ಬಹುಪಾಲು ತಾನೇ ಸರಿಯಾಗುತ್ತದೆ. ಉಳಿದದ್ದನ್ನು ಸ್ಲೀವಿನ ಸಮೇತ ಎರಡು ಸಪಾಟು ಹಲಗೆಯ ನಡುವೆ, ಒಂದು ಕೆ.ಜಿ. ತೂಕದ ಪುಸ್ತಕದಡಿ ಇನ್ನೊಂದು ವಾರ ಇಡಿ. 1990ರ ದಶಕದ ಹೊಳಪು ಕಾರ್ಡುಗಳು ಸೆಕೆ, ತೇವಕ್ಕೆ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗುತ್ತವೆ. ಅಂಥ ಕಟ್ಟನ್ನು ಉಗುರಿನಿಂದ ಎಬ್ಬಿಸಬೇಡಿ. ಉದ್ದಕ್ಕೆ ಹಿಡಿದು, ಎರಡೂ ತುದಿಗಳನ್ನು ತೀರ ಹಗುರವಾಗಿ ಅತ್ತಿತ್ತ ಬಾಗಿಸಿ. ಟಿಕ್ ಎಂಬ ಸದ್ದಿನೊಂದಿಗೆ ಬಿಟ್ಟುಕೊಂಡರೆ ಉಳಿದವು. ಬಿಡದಿದ್ದರೆ ಒಂದೆರಡು ಹಾಳಾಗುವುದು ಖಚಿತ, ಕಡಿಮೆ ಬೆಲೆಯ ಕಾರ್ಡಿನ ಕಡೆಯಿಂದ ಬಿಡಿಸಲು ತೊಡಗಿ.

ಧೂಳು, ಹುಳ, ಕೈ

ಸಂಡೂರು, ಹೊಸಪೇಟೆ ಸುತ್ತಲಿನ ಕೆಂಪು ಧೂಳಿನಲ್ಲಿ ಕಬ್ಬಿಣದ ಅದಿರಿನ ಕಣಗಳಿವೆ. ಶಕ್ತಿನಗರ, ಕುಡತಿನಿ ಕಡೆ ಹಾರುಬೂದಿ. ಬಟ್ಟೆಯಿಂದ ಒರೆಸಿದರೆ ಈ ಕಣಗಳು ಮರಳುಕಾಗದದಂತೆ ಹೊಳಪನ್ನು ಉಜ್ಜಿಹಾಕುತ್ತವೆ. ಕ್ಯಾಮೆರಾದವರು ಬಳಸುವ ರಬ್ಬರ್ ಬಲ್ಬಿನಿಂದ ಗಾಳಿ ಊದಿ, ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಊದಿದ ಮೇಲೂ ಉಳಿದ ಕಲೆಯನ್ನು ಹಾಗೇ ಬಿಡಿ. ಸ್ಪಿರಿಟ್, ನೀರು, ರಬ್ಬರು ಹಚ್ಚಿ ತೊಳೆದ ಕಾರ್ಡಿಗೆ ಬೆಲೆ ಇಳಿಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ಹತ್ತಿರದ ಮನೆಗಳಲ್ಲಿ ತೌಡಿನ ಪುಡಿ ಕೂತಲ್ಲಿ ಹುಳ ಬರುತ್ತದೆ, ಕಾಗದ ತಿನ್ನುವ ಬೆಳ್ಳಿಹುಳಕ್ಕೆ ಗಂಜಿ, ಅಂಟು ಎಂದರೆ ಪ್ರಾಣ. ಕಪಾಟನ್ನು ಒಣಬಟ್ಟೆಯಲ್ಲಿ ಒರೆಸುತ್ತಿರಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಗಟ್ಟಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಮಂಕಾಗಿಸುತ್ತದೆ. ಬೇವಿನ ಎಲೆ ಹಾಕುವ ರೂಢಿಯಿದ್ದರೆ ಪೂರ್ತಿ ಒಣಗಿಸಿ, ಬಟ್ಟೆಯ ಗಂಟಿನಲ್ಲಿ ಡಬ್ಬಿಯ ಹೊರಗಿಡಿ. ಕಾರ್ಡು ಮುಟ್ಟುವ ಮೊದಲು ಕೈ ತೊಳೆದು ಒಣಗಿಸಿ, ಅಂಚು ಹಿಡಿಯಿರಿ. ಹತ್ತಿ ಕೈಗವಸಿನ ಎಳೆ ಮೂಲೆಗೆ ಸಿಕ್ಕುವುದರಿಂದ ಬರಿಗೈಯೇ ಮೇಲು.

ಪಟ್ಟಿ

ಕಾರ್ಡಿನ ಸಂಖ್ಯೆ, ಆಟಗಾರ, ಕಂಪನಿ, ವರ್ಷ, ಸ್ಥಿತಿ, ಕೊಟ್ಟ ಬೆಲೆ, ಎಲ್ಲಿ ಸಿಕ್ಕಿತು, ಯಾವ ಡಬ್ಬಿಯಲ್ಲಿದೆ. ಸ್ಪ್ರೆಡ್‌ಶೀಟಿನಲ್ಲಿ ಇಷ್ಟು ಕಾಲಂ ಸಾಕು. ವರ್ಷ ಗೊತ್ತಿಲ್ಲದ ಗಮ್ ಚಿತ್ರಗಳಿಗೆ ಮಿ.ಮೀ. ಅಳತೆ, ಹಿಂದಿನ ಬರಹ, ಕಾಗದದ ಬಣ್ಣವನ್ನೂ ಬರೆದು, ಪಕ್ಕದಲ್ಲಿ ಸ್ಕೇಲಿಟ್ಟು ಎರಡೂ ಬದಿ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ. ಹಿಂದೆ ಅಚ್ಚಾದ ಓಟ, ವಿಕೆಟ್ಟಿನ ಒಟ್ಟು ಸಂಖ್ಯೆ ವರ್ಷ ಪತ್ತೆಮಾಡಲು ನೆರವಾಗುತ್ತದೆ: ಕುಂಬ್ಳೆಯ ಶ್ರೇಷ್ಠ ಬೌಲಿಂಗ್ 74ಕ್ಕೆ 10 ಎಂದಿದ್ದರೆ ಆ ಕಾರ್ಡು 1999ರ ಫೆಬ್ರವರಿ 7ರ ನಂತರದ್ದೇ.

ತರಿಸುವುದು, ಗ್ರೇಡಿಂಗ್, ಕಳಿಸುವುದು

ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಬೀಳಬಹುದು ಎಂದು ಲೆಕ್ಕಹಾಕಿಯೇ ಬೆಲೆ ಕಟ್ಟಿ. ಉಡುಗೊರೆ ಎಂದು ಬರೆಸುವುದು, ಬೆಲೆ ಕಡಿಮೆ ತೋರಿಸುವುದು ಬೇಡ. ಪಾರ್ಸೆಲು ತಡೆಹಿಡಿದರೆ ಕಾರ್ಡೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಅಮೆರಿಕದಲ್ಲಿ 1991ರಲ್ಲಿ ಶುರುವಾದ ಪಿಎಸ್‌ಎಯಂಥ ಕಂಪನಿಗಳು ಕಾರ್ಡು ಪರೀಕ್ಷಿಸಿ 1ರಿಂದ 10ರವರೆಗೆ ದರ್ಜೆ ಕೊಟ್ಟು ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಇಲ್ಲಿಂದ ಹೋಗಿ ಬರುವ ಸಾಗಣೆ, ವಿಮೆ, ಶುಲ್ಕ, ಸುಂಕ ಎಲ್ಲ ಕೂಡಿಸಿ, ಒಂದು ದರ್ಜೆ ಕಡಿಮೆ ಬಂದರೂ ಲಾಭ ಉಳಿಯುವಂತಿದ್ದರೆ ಮಾತ್ರ ಕಳಿಸಿ. ಮಾರುವ ಯೋಚನೆಯೇ ಇಲ್ಲದಿದ್ದರೆ ಗ್ರೇಡಿಂಗ್ ಖರ್ಚಿನಲ್ಲಿ ಇನ್ನೊಂದು ಕಾರ್ಡು ಕೊಳ್ಳುವುದು ಲೇಸು.

ಅದಲುಬದಲಿಗೆ ಅಂಚೆಯಲ್ಲಿ ಕಳಿಸುವಾಗ ಕಾರ್ಡನ್ನು ಸ್ಲೀವಿಗೆ, ಸ್ಲೀವನ್ನು ಟಾಪ್‌ಲೋಡರಿಗೆ ಇಳಿಸಿ. ಬಾಯಿಗೆ ಮಾಸ್ಕಿಂಗ್ ಟೇಪು ಅಡ್ಡ ಹಾಕಿ, ಒಂದು ತುದಿಯನ್ನು ಮಡಚಿ ಹಿಡಿಕೆ ಬಿಡಿ. ಸೆಲ್ಲೊಟೇಪಾದರೆ ಬಿಸಿಲಿಗೆ ಅಂಟು ಇಳಿದು, ಕಾರ್ಡು ಹೊರತೆಗೆಯುವಾಗ ಮೇಲಂಚಿಗೆ ತಾಗುತ್ತದೆ. ಟಾಪ್‌ಲೋಡರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ನೀರು ಹೋಗದಂತೆ ಮುಚ್ಚಿ. ಅದಕ್ಕಿಂತ ಎಲ್ಲ ಕಡೆ ಎರಡು ಬೆರಳು ದೊಡ್ಡದಾದ ಎರಡು ರಟ್ಟಿನ ನಡುವೆ ಇಟ್ಟು, ರಟ್ಟಿನ ಗೆರೆಗಳು ಒಂದರದು ಅಡ್ಡ, ಇನ್ನೊಂದರದು ಉದ್ದ ಬರುವಂತೆ ಕೂಡಿಸಿ ಟೇಪು ಸುತ್ತಿ. ಆಗ ಯಾವ ಕಡೆಗೂ ಮಡಚುವುದಿಲ್ಲ. ಬಬಲ್ ಕವರಿಗೆ ಹಾಕಿ, ಅಲುಗಾಡಿಸಿ ನೋಡಿ, ಸದ್ದು ಬರಬಾರದು. ಮುಚ್ಚುವ ಮೊದಲು ಎರಡೂ ಬದಿಯ ಫೋಟೊ ತೆಗೆದುಕೊಂಡು, ಸ್ಪೀಡ್ ಪೋಸ್ಟಿನ ರಸೀದಿಯ ಸಂಖ್ಯೆಯ ಜೊತೆ ಅತ್ತಲಿನವರಿಗೆ ಅಂದೇ ಕಳಿಸಿ. ಬೇಸಿಗೆಯಲ್ಲಾದರೆ ಬೆಳಗ್ಗೆ ಅಂಚೆ ಕಚೇರಿ ತೆರೆಯುವ ಹೊತ್ತಿಗೇ ಹೋಗಿ, ಪಾರ್ಸೆಲನ್ನು ಕೈಚೀಲದಲ್ಲಿ ಒಯ್ಯಿರಿ. ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ.